ಪಿಸಿಆರ್ ಯಂತ್ರವಿಲ್ಲದ ಕಾಲೇಜಿನಲ್ಲಿ ಸಸ್ಯ ತಳಿಶಾಸ್ತ್ರದ ಸಂಶೋಧನೆ ಆಗುತ್ತದೆಯೇ?

ಪ್ರಶ್ನೆ: ಗದಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಿಎಸ್ಸಿ ಕೊನೆಯ ವರ್ಷದಲ್ಲಿ 40 ವಿದ್ಯಾರ್ಥಿಗಳಿದ್ದಾರೆ. ಡಿಎನ್‌ಎ ತುಣುಕುಗಳ ಪ್ರತಿ ಮಾಡುವ ಪಿಸಿಆರ್ ಯಂತ್ರ ಇಲ್ಲ. ಕಾಲೇಜಿನ ಹಿಂದೆ ಹತ್ತು ಗುಂಟೆ ಎರಿ ಹೊಲ ಇದೆ. ಧಾರವಾಡ ಮತ್ತು ಹಾವೇರಿಯ ಒಂದೊಂದು ಕಾಲೇಜಿನವರು ಜೊತೆಗೂಡಲು ಸಿದ್ಧರಿದ್ದಾರೆ. ಪ್ರತಿ ವರ್ಷ ಒಬ್ಬೊಬ್ಬರಿಗೆ ಒಂದೊಂದು ಪ್ರಾಜೆಕ್ಟ್ ಕೊಟ್ಟು, ಬೈಂಡ್ ಮಾಡಿಸಿ ಕಪಾಟಿಗೆ ತುಂಬಿ ಸಾಕಾಗಿದೆ. ಯಾವುದಾದರೂ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಮಾಡಿಸಬಹುದೇ? 40 ಮಂದಿಗೆ ಕೆಲಸ ಹಂಚುವುದು ಹೇಗೆ? ಕೊನೆಗೆ ಪ್ರಬಂಧ ಪ್ರಕಟವಾದರೆ ಯಾರ ಹೆಸರು ಹಾಕಬೇಕು?

ಉತ್ತರ: ಮಾಡಿಸಬಹುದು. ಆದರೆ 40 ಪ್ರಾಜೆಕ್ಟುಗಳನ್ನು ಕೈಬಿಟ್ಟು ಒಂದೇ ಪ್ರಾಜೆಕ್ಟಿಗೆ ಬರಬೇಕು. ಒಂದು ಬೆಳೆ, ಒಂದು ತಳಿಸಮೂಹ (ಒಂದೇ ಸಂಕರದಿಂದ ಬಂದ ಗಿಡಗಳ ಗುಂಪು), ಎರಡು ಮೂರು ಗುಣ, ಮೂರು ಕಾಲೇಜು. ಪಿಸಿಆರ್ ಇಲ್ಲವೆಂದು ಕೊರಗುವುದು ಬೇಡ. ಇವತ್ತು ಸಸ್ಯ ತಳಿಶಾಸ್ತ್ರದಲ್ಲಿ ಡಿಎನ್‌ಎ ಮಾಹಿತಿಗೆ ಅಷ್ಟು ಬರವಿಲ್ಲ. ಅಂಥ ಗುಂಪುಗಳಿಂದ ಇಳಿಸಿದ ನೂರಾರು ತಳಿಸಾಲುಗಳ ಮಾರ್ಕರ್ ಮಾಹಿತಿ, ಅಂದರೆ ಡಿಎನ್‌ಎಯ ಗುರುತುಗಳ ಪಟ್ಟಿ, ಸಂಶೋಧನಾ ಸಂಸ್ಥೆಗಳಲ್ಲಿ ಸಿದ್ಧವಾಗಿ ಕುಳಿತಿದೆ. ಬರ ಇರುವುದು ಹೊಲದ ಅಳತೆಗೆ. ಅದೇ ಸಾಲುಗಳನ್ನು ಬೇರೆ ಬೇರೆ ಮಣ್ಣು, ಬೇರೆ ಬೇರೆ ಮಳೆಯಲ್ಲಿ ಬೆಳೆದು, ದಿನ ತಪ್ಪಿಸದೆ ನೋಡಿ ಬರೆದಿಡುವ ಕೈಗಳು ಯಾವ ಸಂಸ್ಥೆಯಲ್ಲೂ ಸಾಕಷ್ಟಿಲ್ಲ. ನಿಮ್ಮಲ್ಲಿ ಆ ಕೈಗಳೂ ಇವೆ, ಹೊಲವೂ ಇದೆ. ಕೆಲಸದ ಬೆಲೆ ಪೂರ್ತಿಯಾಗಿ ಅಳತೆಯ ಶುದ್ಧತೆಯ ಮೇಲೆ ನಿಂತಿದೆ. ಅದಕ್ಕಾಗಿ ಕೆಳಗೆ ಬಹುಪಾಲು ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಮೊದಲು ತಳಿಸಮೂಹದ ಮಾತು. ಪಾಠದಲ್ಲಿ ಎಫ್2, ಅಂದರೆ ಸಂಕರದ ಎರಡನೇ ತಲೆಮಾರು, ಹೇಳಿಕೊಡುತ್ತೀರಿ. ಸಂಶೋಧನೆಗೆ ಎಫ್2 ಒಂದು ಹಂಗಾಮಿನ ಸರಕು: ಪ್ರತಿ ಗಿಡವೂ ಬೇರೆ, ಗಿಡ ಸತ್ತರೆ ಅದರ ಜೀನುಗಳ ಜೋಡಣೆಯೂ ಹೋಯಿತು. ಅದನ್ನೇ ಧಾರವಾಡದಲ್ಲೂ ಹಾವೇರಿಯಲ್ಲೂ ಬಿತ್ತಲು ಬರುವುದಿಲ್ಲ. ನಿಮಗೆ ಬೇಕಾದ್ದು ಆರ್‌ಐಎಲ್, ಅಂದರೆ ಎರಡು ತಳಿಗಳನ್ನು ಸಂಕರಿಸಿ, ಎಫ್2ರಿಂದ ಮುಂದೆ ಪ್ರತಿ ಗಿಡದಿಂದ ಒಂದೇ ಕಾಳು ಹಿಡಿದು ಏಳೆಂಟು ತಲೆಮಾರು ಸ್ವಪರಾಗದಲ್ಲಿ ಇಳಿಸಿದ ಸಾಲುಗಳು. ಎಫ್8ಕ್ಕೆ ಬರುವಷ್ಟರಲ್ಲಿ ಒಂದು ಸಾಲಿನೊಳಗಿನ ಮಿಶ್ರತೆ ಶೇ. 1ಕ್ಕಿಂತ ಕೆಳಗಿಳಿದಿರುತ್ತದೆ. ಆಮೇಲೆ ಅದೇ ಸಾಲಿನ ಬೀಜವನ್ನು ಎಷ್ಟು ಊರಲ್ಲಾದರೂ ಎಷ್ಟು ವರ್ಷವಾದರೂ ಬಿತ್ತಬಹುದು. ಒಮ್ಮೆ ತೆಗೆದ ಡಿಎನ್‌ಎ ಮಾಹಿತಿ ಎಲ್ಲ ಕಡೆಗೂ ಸಲ್ಲುತ್ತದೆ. ಈ ವರ್ಷದ ಮಕ್ಕಳ ಅಳತೆಗೆ ಮುಂದಿನ ವರ್ಷದ ಮಕ್ಕಳ ಅಳತೆ ಕೂಡುತ್ತದೆ. ಮೂರು ಕಾಲೇಜಿನ ಸಹಯೋಗಕ್ಕೆ ಅರ್ಥ ಬರುವುದು ಇದರಿಂದಲೇ.

ಬೆಳೆ ಯಾವುದು? ನನ್ನ ಆಯ್ಕೆ ಕಡಲೆ. ನಿಮ್ಮ ಎರಿ ಹೊಲಕ್ಕೆ ಹೊಂದುತ್ತದೆ, ಹಿಂಗಾರಿಯಲ್ಲಿ 95–110 ದಿನಕ್ಕೆ ಮುಗಿಯುತ್ತದೆ, ಹೆಚ್ಚುಕಡಿಮೆ ಪೂರ್ತಿ ಸ್ವಪರಾಗ. ಡಿಪ್ಲಾಯ್ಡ್ ಬೆಳೆ, ಅಂದರೆ ಕ್ರೋಮೋಸೋಮುಗಳ ಎರಡೇ ಸೆಟ್ (2ಎನ್=16), ಜೀನೋಮ್ 2013ರಲ್ಲೇ ಪ್ರಕಟವಾಗಿದೆ. ಹುಬ್ಬಳ್ಳಿ–ಗದಗ ನಡುವಿನ ಅಣ್ಣಿಗೇರಿಯ ಹೆಸರು ಹೊತ್ತ ಅಣ್ಣಿಗೇರಿ-1 ತಳಿ ನಿಮ್ಮ ಮಕ್ಕಳ ಮನೆಯಲ್ಲೇ ಸಿಕ್ಕೀತು. ಅದಕ್ಕೆ ಡಬ್ಲ್ಯುಆರ್ 315 ಎಂಬ ತಳಿಯ ಸೊರಗು ರೋಗ ನಿರೋಧಕತೆಯನ್ನು ಮಾರ್ಕರ್ ಸಹಾಯದಿಂದ ಸೇರಿಸಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟ್ (ಹೈದರಾಬಾದ್ ಬಳಿಯ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ) ಸೂಪರ್ ಅಣ್ಣಿಗೇರಿ-1 ಮಾಡಿದ್ದನ್ನು ತರಗತಿಯಲ್ಲಿ ಹೇಳಲೂ ಬರುತ್ತದೆ.

ಹಾವೇರಿಯವರು ಬ್ಯಾಡಗಿ ಮೆಣಸಿನಕಾಯಿ ಎನ್ನಬಹುದು. ಹೆಸರಿಗೆ ಚೆಂದ, ಮೊದಲ ಕೆಲಸಕ್ಕೆ ಬೇಡ. ಮೆಣಸಿನಲ್ಲಿ ಹೊರಪರಾಗ ಬಹಳ, ಹೂವಿಗೆ ಚೀಲ ಕಟ್ಟಬೇಕು, ಕೊಯ್ಲು ಹಲವು ಸಲ, ಬಣ್ಣ ಅಳೆಯಲು ಪ್ರಯೋಗಾಲಯ ಬೇಕು. ಶೇಂಗಾದಲ್ಲಿ ಧಾರವಾಡದ ಜಿಪಿಬಿಡಿ-4 ತಳಿಯಿಂದ ಹುಟ್ಟಿದ ಒಳ್ಳೆಯ ತಳಿಸಮೂಹಗಳಿವೆ. ಆದರೆ ಶೇಂಗಾ ಟೆಟ್ರಾಪ್ಲಾಯ್ಡ್ (ಕ್ರೋಮೋಸೋಮುಗಳ ನಾಲ್ಕು ಸೆಟ್), ಮೇಲಾಗಿ ಎಲೆಚುಕ್ಕೆ ಮತ್ತು ತುಕ್ಕು ರೋಗಕ್ಕೆ 1ರಿಂದ 9ರವರೆಗೆ ಅಂಕ ಹಾಕುವುದರಲ್ಲಿ ಕಣ್ಣು ಪಳಗಿರಬೇಕು. ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ. ನವಣೆ, ಸಾವೆ ಬೆಳೆಯಲು ಸುಲಭ, ಹಕ್ಕಿ ಕಾಯುವುದು ಕಷ್ಟ.

ಕಡಲೆಯಲ್ಲಿ ಇಕ್ರಿಸ್ಯಾಟ್‌ನ ಐಸಿಸಿ 4958 × ಐಸಿಸಿ 1882 ಸಂಕರದ 264 ಸಾಲುಗಳ ತಳಿಸಮೂಹ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಎರಡೂ ದೇಸಿ ಕಡಲೆ, ಬರ ತಡೆಯುವ ಗುಣಕ್ಕಾಗಿ ಚೆನ್ನಾಗಿ ಅಧ್ಯಯನವಾದದ್ದು. ಐಸಿಸಿ 4958ರಿಂದ ಬಂದ, ನಾಲ್ಕನೇ ಲಿಂಕೇಜ್ ಗುಂಪಿನ (ಡಿಎನ್‌ಎ ನಕ್ಷೆಯಲ್ಲಿ ಒಂದು ಕ್ರೋಮೋಸೋಮಿಗೆ ಸಮ) ಒಂದು ಭಾಗ ಬೇರು, ಕಾಳಿನ ತೂಕ ಮುಂತಾದ ಹಲವು ಗುಣಗಳ ಮೇಲೆ ಒಟ್ಟಿಗೆ ದೊಡ್ಡ ಪ್ರಭಾವ ಬೀರುತ್ತದೆಂದು 2014ರಲ್ಲಿ ಪ್ರಕಟವಾಗಿದೆ. ಅಳೆಯಬಹುದಾದ ಗುಣವೊಂದರ ಮೇಲೆ ಪ್ರಭಾವ ಬೀರುವ ಡಿಎನ್‌ಎ ಭಾಗಕ್ಕೆ ಕ್ಯೂಟಿಎಲ್ ಎಂದು ಹೆಸರು, ಹಾಗಾಗಿ ಅದನ್ನು ಕ್ಯೂಟಿಎಲ್-ಹಾಟ್‌ಸ್ಪಾಟ್ ಎನ್ನುತ್ತಾರೆ. ನಿಮಗೆ ಇದರ ಉಪಯೋಗ ಬೇರೆಯೇ ಇದೆ. ಉತ್ತರ ಮೊದಲೇ ಗೊತ್ತಿರುವ ಒಂದು ಗುಣ ಕೈಯಲ್ಲಿದ್ದರೆ ಮಕ್ಕಳ ಅಳತೆ ನಂಬಲು ಯೋಗ್ಯವೇ ಎಂದು ಪರೀಕ್ಷಿಸಬಹುದು. 100 ಕಾಳಿನ ತೂಕದ ಲೆಕ್ಕದಲ್ಲಿ ನಾಲ್ಕನೇ ಗುಂಪಿನ ಆ ಭಾಗ ಮೇಲೆದ್ದು ಕಾಣಬೇಕು. ಕಾಣದಿದ್ದರೆ ಬೀಜದ ಲಕೋಟೆ ಅದಲುಬದಲಾಗಿದೆ ಅಥವಾ ತೂಕ ತಪ್ಪಿದೆ ಎಂದು ತಿಳಿದು, ಉಳಿದ ಗುಣಗಳ ಮಾಹಿತಿಯನ್ನೂ ಸಂಶಯದಿಂದ ನೋಡಬೇಕು.

ಬೀಜ ಕೇಳುವ ವಿಧಾನ. ಪ್ರಾಂಶುಪಾಲರ ಸಹಿಯ ಪತ್ರದಲ್ಲಿ ಉದ್ದೇಶ, ಅಳೆಯುವ ಗುಣ, ಸ್ಥಳ, ಜವಾಬ್ದಾರರ ಹೆಸರು ಬರೆಯಿರಿ. ಮಾಹಿತಿ ಯಾವ ತಿಂಗಳಿಗೆ, ಯಾವ ರೂಪದಲ್ಲಿ ಸಿಗುತ್ತದೆ ಎಂಬುದೂ ಅದರಲ್ಲಿರಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಡಲೆ ತಳಿ ವಿಜ್ಞಾನಿಯೊಬ್ಬರನ್ನು ಪಾಲುದಾರರಾಗಿ ಮೊದಲೇ ಒಪ್ಪಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಹೊಲದ ವಿನ್ಯಾಸ, ತಾಳೆ ತಳಿಯ (ಹೋಲಿಸಿ ನೋಡಲು ಬೆಳೆಯುವ ಪರಿಚಿತ ತಳಿಯ) ಬೀಜ, ರೋಗ ಗುರುತಿಸುವಿಕೆ ಎಲ್ಲಕ್ಕೂ ಅವರು ಹತ್ತಿರದಲ್ಲೇ ಇರುತ್ತಾರೆ. ಇಕ್ರಿಸ್ಯಾಟ್‌ನಿಂದ ಬೀಜ ಬರುವುದು ಎಸ್‌ಎಂಟಿಎ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಕೆಳಗೆ. ಅದರ ಪ್ರಕಾರ ಬಂದ ರೂಪದಲ್ಲೇ ಆ ಬೀಜದ ಮೇಲೆ ಹಕ್ಕು ಸಾಧಿಸುವಂತಿಲ್ಲ. ಬೇರೆಯವರಿಗೆ ಕೊಟ್ಟರೆ ಅದೇ ಒಪ್ಪಂದಕ್ಕೆ ಅವರೂ ಸಹಿ ಹಾಕಬೇಕು. ಆದ್ದರಿಂದ ಗದಗಿಗೆ ಬಂದ ಬೀಜವನ್ನು ಚೀಟಿಯಲ್ಲಿ ಕಟ್ಟಿ ಹಾವೇರಿ ಬಸ್ಸಿಗೆ ಹಾಕುವುದು ಬೇಡ, ಮೂರೂ ಕಾಲೇಜಿನ ಹೆಸರಲ್ಲಿ ಕಾಗದ ಇರಲಿ. ಮುಂದೆ ಹೊರದೇಶದ ಪ್ರಯೋಗಾಲಯ ಸೇರಿಕೊಂಡರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡಬರುತ್ತದೆ. ಬೀಜವಾಗಲಿ ಎಲೆಯಾಗಲಿ ಕಳಿಸುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯ ವಿಷಯವನ್ನು ಪಾಲುದಾರ ಸಂಸ್ಥೆಯ ಮೂಲಕವೇ ಬಗೆಹರಿಸಿಕೊಳ್ಳಿ. ಜೀನ್ ತಿದ್ದುವ ಅಥವಾ ಕುಲಾಂತರಿ ಪ್ರಯೋಗ ಬೇಡವೇ ಬೇಡ. ಅದಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಬೇಕು, ನಿಮ್ಮಲ್ಲಿ ಅದಿಲ್ಲ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಸಂಸ್ಥೆ ಕೊಡುವುದು ಒಂದು ತಳಿಸಾಲಿಗೆ 20–30 ಕಾಳು. ನಿಮಗೆ ಬೇಕಾದ್ದು ಎಷ್ಟು? ಹೊಲದಲ್ಲಿ ಪ್ರತಿ ತಳಿಸಾಲಿಗೆ 3 ಮೀಟರಿನ ಒಂದು ಬಿತ್ತನೆ ಸಾಲು, ಗಿಡದಿಂದ ಗಿಡಕ್ಕೆ 10 ಸೆಂ.ಮೀ., ಅಂದರೆ 30 ಗಿಡ. ಹುಟ್ಟದೆ ಹೋಗುವುದನ್ನು ಸೇರಿಸಿ 36 ಕಾಳು. ಎರಡು ಪುನರಾವರ್ತನೆ (ಒಂದೇ ಹೊಲದಲ್ಲಿ ಎರಡು ಕಡೆ ಬಿತ್ತುವುದು), ಮೂರು ಊರು ಎಂದರೆ 216 ಕಾಳು, ಸುಮಾರು 45 ಗ್ರಾಂ. ಹಾಗಾಗಿ ಮೊದಲ ಹಿಂಗಾರಿ ಪೂರ್ತಿ ಬೀಜ ಹೆಚ್ಚಿಸಲು ಹೋಗುತ್ತದೆ. 20 ಗಿಡ ಚೆನ್ನಾಗಿ ಬಂದರೆ ಮುಂದಿನ ವರ್ಷಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಈ ವರ್ಷ ವ್ಯರ್ಥವೆಂದು ತಿಳಿಯಬೇಡಿ. ಹೂವಿನ ದಿನ ಬರೆಯುವುದು, ಲೇಬಲ್ ಕಟ್ಟುವುದು, ಬೆರಕೆ ಗಿಡ ಕಿತ್ತುಹಾಕುವುದು, ಎಲ್ಲದರ ತಾಲೀಮು ಇದೇ ವರ್ಷ ಆಗಬೇಕು. ಬೆಳೆದ ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆಯಿರಿ, ನುಸಿ ಹತ್ತುವುದಿಲ್ಲ. ತಂಪು ಪೊಟ್ಟಣವನ್ನು ತಕ್ಷಣ ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ. ಒಂದು ದಿನ ಹೊರಗಿಟ್ಟು ಬಿಚ್ಚಿ.

ಎರಡನೇ ವರ್ಷದ ವಿನ್ಯಾಸ ಹೀಗಿರಲಿ. 264ರಲ್ಲಿ 60 ಸಾಲು ಸಾಕು. ಒಂದು ಪುನರಾವರ್ತನೆಯನ್ನು ಆರು ಬ್ಲಾಕುಗಳಾಗಿ ಒಡೆಯಿರಿ. ಪ್ರತಿ ಬ್ಲಾಕಿನಲ್ಲಿ ಹತ್ತು ಪರೀಕ್ಷಾ ಸಾಲು, ಎರಡು ತಾಳೆ ತಳಿ. ಒಟ್ಟು 72 ಸಾಲು, ಎರಡು ಪುನರಾವರ್ತನೆಗೆ 144. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಆದರೆ ಒಂದು ಪುನರಾವರ್ತನೆ 21.6 ಮೀಟರ್ ಅಗಲ, 3 ಮೀಟರ್ ಉದ್ದ. ನಡುವೆ ಒಂದು ಮೀಟರ್ ದಾರಿ, ಸುತ್ತ ಕಾವಲು ಸಾಲು ಸೇರಿಸಿದರೆ 25 × 10 ಮೀಟರ್, ಅಂದರೆ ಎರಡೂವರೆ ಗುಂಟೆ. ಹತ್ತು ಗುಂಟೆಯಲ್ಲಿ ಮಣ್ಣು ಸಮನಾಗಿರುವ, ನೀರು ನಿಲ್ಲದ ಎರಡೂವರೆ ಗುಂಟೆ ಆರಿಸಿ. ಮರದ ನೆರಳು, ಹಳೆಯ ತಿಪ್ಪೆ ಇದ್ದ ಜಾಗ, ಬದುವಿನ ಪಕ್ಕ ಬೇಡ. ಯಾವ ಸಾಲು ಎಲ್ಲಿ ಬರಬೇಕೆಂದು ಚೀಟಿ ಎತ್ತಿ ಅಥವಾ ಕಂಪ್ಯೂಟರಿನಲ್ಲಿ ನಿರ್ಧರಿಸಿ. ಮೂರು ಕಾಲೇಜಿಗೂ ಬೇರೆ ಬೇರೆ ಜೋಡಣೆ ಇರಬೇಕು.

ತಾಳೆ ತಳಿಗಳಲ್ಲಿ ಒಂದು ಅಣ್ಣಿಗೇರಿ-1, ಇನ್ನೊಂದು ಬಿಳಿ ಹೂವಿನ ಕಾಬೂಲಿ ಕಡಲೆ ಇರಲಿ. ಕಾಬೂಲಿಗೆ ಎರಡನೇ ಕೆಲಸವೊಂದಿದೆ. ಈ ತಳಿಸಮೂಹದ ಎಲ್ಲ ಸಾಲುಗಳ ಹೂವು ದೇಸಿಯ ಗುಲಾಬಿ ಬಣ್ಣದ್ದು. ಬಿತ್ತುವಾಗ ಎಲ್ಲಿಯೋ ಒಂದು ಲಕೋಟೆ ಹಿಂದೆಮುಂದೆ ಆದರೆ ಅಲ್ಲಿಂದ ಮುಂದಿನ ಸಾಲುಗಳೆಲ್ಲ ಒಂದೊಂದು ಸ್ಥಾನ ಜರುಗಿರುತ್ತವೆ. ಕಡಲೆ ಹೊಲದಲ್ಲಿ ನಿಂತು ನೋಡಿದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಬಿಳಿ ಹೂವು ನಕ್ಷೆಯಲ್ಲಿರುವ ಜಾಗದಲ್ಲೇ ಅರಳಿದರೆ ಬ್ಲಾಕು ಸರಿಯಾಗಿದೆ, ಪಕ್ಕದ ಸಾಲಿನಲ್ಲಿ ಅರಳಿದರೆ ಬ್ಲಾಕೇ ಜರುಗಿದೆ. ಗುಲಾಬಿ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಹೂವು ಕಂಡರೆ ಬೀಜ ಬೆರೆತಿದೆ. ಇಷ್ಟು ಅಗ್ಗದ ವಿಮೆ ಇನ್ನೊಂದಿಲ್ಲ.

ಬಿತ್ತನೆ ಚಿತ್ತಿ ಮಳೆಯ ಹದಕ್ಕೆ, ಅಕ್ಟೋಬರ್ ಮಧ್ಯದಿಂದ ಕೊನೆಯೊಳಗೆ. ಮೂರು ಊರಿನ ಬಿತ್ತನೆಯೂ ಹತ್ತು ದಿನದೊಳಗೆ ಮುಗಿಯಬೇಕು. ಕೂರಿಗೆಯಿಂದ ಇದು ಆಗದು. ಹಗ್ಗಕ್ಕೆ 10 ಸೆಂ.ಮೀ.ಗೊಂದು ಗಂಟು ಹಾಕಿ, ಗಂಟಿಗೊಂದು ಕಾಳು, ಐದು ಸೆಂ.ಮೀ. ಆಳದಲ್ಲಿ ಕೈಯಿಂದ ಊರಬೇಕು. ಉಳಿದ ಆರು ಕಾಳನ್ನು ಸಾಲಿನ ತುದಿಯಲ್ಲಿ ಒಟ್ಟಿಗೆ ಊರಿಟ್ಟು, ಬಿಟ್ಟುಹೋದ ಜಾಗ ತುಂಬಲು ಬಳಸಿ. ಹಿಂದಿನ ದಿನವೇ ಲಕೋಟೆಗಳನ್ನು ನಕ್ಷೆಯ ಕ್ರಮದಲ್ಲಿ ಜೋಡಿಸಿ ಬ್ಲಾಕುವಾರು ದಾರ ಕಟ್ಟಿಡಿ. ಬೆಳಿಗ್ಗೆ ಎಲ್ಲ ಲಕೋಟೆಯನ್ನೂ ಸಾಲಿನ ತಲೆಯಲ್ಲಿ ಕಲ್ಲಿಟ್ಟು ಹರಡಿ, ಇಬ್ಬರು ನಕ್ಷೆ ಹಿಡಿದು ಓದಿ ತಾಳೆ ನೋಡಿ, ಫೋಟೊ ತೆಗೆದ ಮೇಲೆಯೇ ಮೊದಲ ಕಾಳು ಮಣ್ಣಿಗೆ ಹೋಗಲಿ. ಖಾಲಿ ಲಕೋಟೆ ಸಂಜೆಯವರೆಗೆ ಸಾಲಿನ ತಲೆಯಲ್ಲೇ ಇರಲಿ. ಲೇಬಲ್ಲಿಗೆ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಗೀಚುವುದು ಉತ್ತಮ, ಇಲ್ಲವೆಂದರೆ ಪೆನ್ಸಿಲ್. ಮಾರ್ಕರ್ ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ, ಜೆಲ್ ಪೆನ್ನು ಇಬ್ಬನಿಗೆ ಕರಗುತ್ತದೆ. ಲೇಬಲ್ಲಿನಲ್ಲಿ ಸಾಲಿನ ಹೆಸರು ಬೇಡ, ಪ್ಲಾಟ್ ಸಂಖ್ಯೆ ಮಾತ್ರ. ಯಾವುದು ದಪ್ಪ ಕಾಳಿನ ಸಾಲು ಎಂದು ಗೊತ್ತಾದರೆ ಅಳೆಯುವ ಕೈ ತಾನಾಗಿ ಆ ಕಡೆ ವಾಲುತ್ತದೆ.

ಗೊಬ್ಬರ ಶಿಫಾರಸಿನಷ್ಟು, ಎಲ್ಲ ಕಡೆ ಒಂದೇ ಸಮ. ಸೊರಗು ರೋಗದಿಂದ ಸತ್ತ ಗಿಡಗಳನ್ನು ಎಣಿಸುವ ಯೋಚನೆಯಿದ್ದರೆ ಬೀಜಕ್ಕೆ ಶಿಲೀಂಧ್ರನಾಶಕ ಉಪಚಾರ ಮಾಡಬಾರದು. ಮಾಡಿದರೆ ಎಲ್ಲ ಸಾಲಿಗೂ, ಮೂರು ಊರಿನಲ್ಲೂ ಒಂದೇ ರೀತಿ ಮಾಡಬೇಕು. ಸೊರಗು ರೋಗಕ್ಕೆಂದು ಬೇರೆಡೆಯ ರೋಗದ ಮಣ್ಣು ತಂದು ಸುರಿಯುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ಆ ಶಿಲೀಂಧ್ರ ಕಡಲೆ ಇಲ್ಲದೆಯೂ ಆರು ವರ್ಷದವರೆಗೆ ಮಣ್ಣಲ್ಲಿ ಉಳಿಯಬಲ್ಲದು. ನಿಮ್ಮ ಹೊಲವನ್ನೂ ಪಕ್ಕದವರ ಹೊಲವನ್ನೂ ಕೆಡಿಸಿಕೊಳ್ಳುತ್ತೀರಿ. ರೋಗಪೀಡಿತ ತಾಕಿನ ಪರೀಕ್ಷೆ ವಿಶ್ವವಿದ್ಯಾಲಯದಲ್ಲೇ ನಡೆಯಲಿ. ಕಾಯಿಕೊರಕಕ್ಕೆ ಮೋಹಕ ಬಲೆ, ಹಕ್ಕಿ ಕೂರಲು ಕವಲು ಕಡ್ಡಿ ಇಡಿ. ಸಿಂಪಡಣೆ ಬೇಕಾದರೆ ತಿಳಿದ ಕೂಲಿಯವರಿಂದ, ಒಂದೇ ದಿನ, ಇಡೀ ತಾಕಿಗೆ. ವಿದ್ಯಾರ್ಥಿಗಳ ಕೈಗೆ ಪಂಪು ಕೊಡಬೇಡಿ.

ಕೀಟಕ್ಕಿಂತ ದೊಡ್ಡ ಕಾಟ ಮನುಷ್ಯರದು. ನಮ್ಮ ಕಡೆ ಕಡಲೆ ಕುಡಿ ಚಿವುಟಿ ಪಲ್ಯ ಮಾಡುವವರು, ಸುಲಗಾಯಿ ಕಂಡರೆ ಗಿಡ ಕಿತ್ತುಕೊಂಡು ತಿನ್ನುತ್ತ ಹೋಗುವವರು ಇದನ್ನು ಕಳವು ಎಂದೇ ತಿಳಿಯುವುದಿಲ್ಲ. ಕುಡಿ ಚಿವುಟಿದ ಗಿಡ ಹೆಚ್ಚು ಕವಲೊಡೆಯುತ್ತದೆ, ಕವಲಿನ ಎಣಿಕೆ ಅಲ್ಲಿಗೆ ಕೆಟ್ಟಿತು. ರಸ್ತೆ ಕಡೆಗೆ ಕಾವಲು ಸಾಲನ್ನು ನಾಲ್ಕಕ್ಕೆ ಏರಿಸಿ, ಅದರಲ್ಲಿ ಎಷ್ಟು ಬೇಕಾದರೂ ಕಿತ್ತುಕೊಳ್ಳಿ ಎಂದು ಬಿಟ್ಟುಬಿಡಿ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಇಬ್ಬರನ್ನು ಕಾವಲಿಗೆ ಇಡಲೇಬೇಕು.

ಇನ್ನು ಅಳತೆ. ಅಳತೆಯ ಮೊದಲ ವರ್ಷಕ್ಕೆ ಮೂರು ಗುಣ ಸಾಕು: ಹೂವಿನ ದಿನ, ಗಿಡದ ಎತ್ತರ, 100 ಕಾಳಿನ ತೂಕ. ಕಾಯಿ ಎಣಿಕೆ ಆಸೆ ಹುಟ್ಟಿಸುತ್ತದೆ, ಆದರೆ ಅದು ಗಿಡದಿಂದ ಗಿಡಕ್ಕೆ ವಿಪರೀತ ಏರುಪೇರು. ಶ್ರಮಕ್ಕೆ ತಕ್ಕ ಫಲವಿಲ್ಲ.

ಹೂವಿನ ದಿನವೆಂದರೆ ಸಾಲಿನ ಅರ್ಧದಷ್ಟು ಗಿಡಗಳಲ್ಲಿ ಕನಿಷ್ಠ ಒಂದು ಹೂವು ಬಿರಿದ ದಿನ, ಬಿತ್ತನೆಯಿಂದ ಎಣಿಸಿದ್ದು. ಮೊಗ್ಗು ಲೆಕ್ಕಕ್ಕಿಲ್ಲ. ಈ ಒಂದು ವಾಕ್ಯವನ್ನು ಮೂರು ಕಾಲೇಜಿನಲ್ಲೂ ಗೋಡೆಗೆ ಅಂಟಿಸಿ. ಒಬ್ಬರು ಮೊದಲ ಹೂವಿನ ದಿನ ಬರೆದು ಇನ್ನೊಬ್ಬರು ಅರ್ಧ ಹೂವಿನ ದಿನ ಬರೆದರೆ ನಾಲ್ಕೈದು ದಿನದ ವ್ಯತ್ಯಾಸ ಬರುತ್ತದೆ. ಆಮೇಲೆ ಅದನ್ನು ಮಣ್ಣಿನ ವ್ಯತ್ಯಾಸವೆಂದು ಎಲ್ಲರೂ ನಂಬುತ್ತಾರೆ. ಹೂ ಬಿಡುವ ಮೂರು ವಾರ ಭಾನುವಾರವೂ ಸೇರಿ ದಿನಾ ಹೋಗಬೇಕು. ಇಬ್ಬರಿಗೆ 144 ಸಾಲು ನೋಡಲು ಒಂದು ಗಂಟೆ ಸಾಕು. ರಜೆಯಲ್ಲಿ ಹೋಗದಿದ್ದರೆ ಏನಾಗುತ್ತದೆಂದರೆ ಶನಿವಾರ, ಭಾನುವಾರ ಅರಳಿದ್ದೆಲ್ಲ ಸೋಮವಾರಕ್ಕೆ ಜಮೆಯಾಗುತ್ತದೆ. ಇದನ್ನು ಹಿಡಿಯುವುದು ಸುಲಭ. ಸೋಮವಾರ ಎಷ್ಟು, ಮಂಗಳವಾರ ಎಷ್ಟು ಎಂದು ಎಲ್ಲ ದಿನಾಂಕಗಳನ್ನು ಎಣಿಸಿ ನೋಡಿ. ವಾರದ ಒಂದೊಂದು ದಿನಕ್ಕೆ ಏಳನೇ ಒಂದು ಭಾಗದ ಆಸುಪಾಸು ಬರಬೇಕು. ಸೋಮವಾರದ ಕಂಬ ಮಾತ್ರ ಎತ್ತರ ನಿಂತಿದ್ದರೆ ಮಕ್ಕಳನ್ನು ಗದರುವ ಬದಲು ಪಾಳಿ ಪಟ್ಟಿಯನ್ನು ತಿದ್ದಿ. ಕಡಲೆ ಎಲೆಯ ಹುಳಿ ಇಬ್ಬನಿಯ ಜೊತೆ ಸೇರಿ ಕೈಕಾಲು ಉರಿಸುತ್ತದೆ, ಬಟ್ಟೆಯನ್ನೂ ಕೆಡಿಸುತ್ತದೆ. ಒಂಬತ್ತು ಗಂಟೆಯ ನಂತರ, ತುಂಬುತೋಳಿನ ಹಳೆ ಬಟ್ಟೆಯಲ್ಲಿ ಹೋಗಲಿ.

ಎತ್ತರ ಅಳೆಯಲು ಪ್ರತಿ ಸಾಲಿನಲ್ಲಿ ಐದು ಗಿಡ ಬೇಕು. ಅವನ್ನು ಬಿತ್ತಿದ ತಿಂಗಳೊಳಗೆ, ಎಲ್ಲ ಒಂದೇ ಥರ ಇರುವಾಗಲೇ, 4, 9, 14, 19, 24ನೇ ಗಿಡ ಎಂದು ನೂಲು ಕಟ್ಟಿ ನಿಗದಿ ಮಾಡಿ. ಕೊನೆಗೆ ಆರಿಸಲು ಬಿಟ್ಟರೆ ಎಲ್ಲರೂ ಚೆಂದದ ಗಿಡವನ್ನೇ ಆರಿಸುತ್ತಾರೆ. ನಿಗದಿಯಾದ ಗಿಡ ಸತ್ತರೆ ಮುಂದಿನ ಗಿಡ, ಅದನ್ನು ಷರಾದಲ್ಲಿ ಬರೆಯಬೇಕು.

100 ಕಾಳಿನ ತೂಕಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಎಲ್ಲ ಸಾಲಿನ ಕಾಳನ್ನು ಬಿಸಿಲಲ್ಲಿ ಒಣಗಿಸಿ, ಒಂದು ವಾರ ಒಂದೇ ಕೋಣೆಯಲ್ಲಿಟ್ಟು, ಎರಡು ದಿನದೊಳಗೆ ತೂಗಿ ಮುಗಿಸಿ. ಕಾಳನ್ನು ತಟ್ಟೆಯಲ್ಲಿ ಹರಡಿ ನಾಲ್ಕು ಭಾಗ ಮಾಡಿ, ಒಂದು ಭಾಗದಿಂದ ಸಾಲಾಗಿ 100 ಎಣಿಸಬೇಕು. ಒಡೆದದ್ದು, ಕೊರಕ ತಿಂದದ್ದು ಬಿಡಿ. ಸಣ್ಣ ಕಾಳು, ಸುರುಟಿದ ಕಾಳು ಬಿಡಬೇಡಿ, ಅವೂ ಆ ಸಾಲಿನ ಗುಣವೇ. ಮೂರು ಸಲ ಎಣಿಸಿ, ಅವುಗಳ ನಡುವೆ ಅರ್ಧ ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಎಣಿಸಿ.

40 ಮಂದಿಗೆ ಹಂಚುವ ರೀತಿಯೂ ಇಲ್ಲೇ ಬರುತ್ತದೆ. 12 ಬ್ಲಾಕು, ಬ್ಲಾಕಿಗೆ ಮೂವರು, 36 ಮಂದಿ. ಉಳಿದ ನಾಲ್ವರಲ್ಲಿ ಇಬ್ಬರು ಮಾಹಿತಿಗೆ, ಒಬ್ಬರು ಬೀಜದ ಉಗ್ರಾಣಕ್ಕೆ, ಒಬ್ಬರು ಮಳೆ ಮತ್ತು ಉಷ್ಣತೆಯ ದಾಖಲೆಗೆ. ಒಂದು ಬ್ಲಾಕನ್ನು ಒಂದೇ ತಂಡ ಅಳೆಯಬೇಕು, ನಡುವೆ ಕೈ ಬದಲಿಸಬಾರದು. ಕಾರಣವಿದೆ. ಒಂದು ತಂಡ ಯಾವಾಗಲೂ ಒಂದು ಸೆಂ.ಮೀ. ಹೆಚ್ಚು ಅಳೆಯುತ್ತಿದ್ದರೆ ಆ ತಪ್ಪು ಬ್ಲಾಕಿನ ಪರಿಣಾಮದ ಜೊತೆ ಸೇರಿ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಅದರ ಬದಲು ನಿನಗೆ ಈ ಐದು ಸಾಲು, ನಿನಗೆ ಆ ಐದು ಸಾಲು ಎಂದು ತಳಿಗಳನ್ನೇ ಹಂಚಿದರೆ ಮಗುವಿನ ತಪ್ಪು ತಳಿಯ ಗುಣವಾಗಿ ಕೂರುತ್ತದೆ. ಅದನ್ನು ಬೇರ್ಪಡಿಸಲು ಯಾವ ಸಾಫ್ಟ್‌ವೇರಿಗೂ ಸಾಧ್ಯವಿಲ್ಲ. ಇದರ ಮೇಲೆ, ಹತ್ತರಲ್ಲಿ ಒಂದು ಸಾಲನ್ನು ಬೇರೆ ತಂಡ ಮೊದಲಿನವರ ಹಾಳೆ ನೋಡದೆ ಮತ್ತೆ ಅಳೆಯಲಿ. ಎರಡು ಅಳತೆಗಳ ವ್ಯತ್ಯಾಸವೇ ನಿಮ್ಮ ದೋಷದ ಪ್ರಮಾಣ. ಸಂಸ್ಥೆಯವರು ನಿಮ್ಮ ಮಾಹಿತಿ ಸ್ವೀಕರಿಸುವ ಮೊದಲು ಕೇಳಬೇಕಾದ ಸಂಖ್ಯೆ ಇದೇ.

ಮಾಹಿತಿಯನ್ನು ಮೊಬೈಲಿನಲ್ಲಿ ಫೀಲ್ಡ್ ಬುಕ್ ಎಂಬ ಉಚಿತ ಆ್ಯಪ್‌ನಲ್ಲಿ ತುಂಬಬಹುದು. ಮೊದಲ ವರ್ಷ ಕಾಗದವೂ ಇರಲಿ. ಎಕ್ಸೆಲ್‌ನಲ್ಲಿ ಪ್ಲಾಟ್ ಸಂಖ್ಯೆಯನ್ನು 3-12 ಎಂದು ಬರೆದರೆ ಅದು ಸದ್ದಿಲ್ಲದೆ ದಿನಾಂಕವಾಗಿಬಿಡುತ್ತದೆ. 312 ಎಂದು ಬರೆಯಿರಿ. ಅಳೆಯದ ಜಾಗ ಖಾಲಿ ಇರಬೇಕು, ಸೊನ್ನೆ ಹಾಕಬಾರದು. ಸೊನ್ನೆಯೆಂದರೆ ಅಳೆದು ಸೊನ್ನೆ ಬಂತು ಎಂದರ್ಥ. ಮೂಲ ಕಡತವನ್ನು ಯಾರೂ ತಿದ್ದಬಾರದು, ತಿದ್ದುಪಡಿ ಪ್ರತ್ಯೇಕ ಕಡತದಲ್ಲಿ, ಯಾರು ಯಾಕೆ ತಿದ್ದಿದರೆಂಬ ಸಾಲಿನೊಂದಿಗೆ.

ಲೆಕ್ಕದಲ್ಲಿ ಮಕ್ಕಳು ಮೊದಲು ಕಲಿಯಬೇಕಾದ್ದು ಹೆರಿಟಬಿಲಿಟಿ, ಅಂದರೆ ಕಂಡ ಒಟ್ಟು ವ್ಯತ್ಯಾಸದಲ್ಲಿ ತಳಿಯಿಂದ ಬಂದ ಪಾಲು. ಸಹಯೋಗ ಯಾಕೆ ಬೇಕು ಎಂಬುದಕ್ಕೂ ಉತ್ತರ ಅದರಲ್ಲೇ ಇದೆ. ಉದಾಹರಣೆಗಷ್ಟೇ, ಒಂದು ಗುಣದಲ್ಲಿ ತಳಿಯಿಂದ ಬರುವ ವ್ಯತ್ಯಾಸ 4, ತಳಿ ಮತ್ತು ಊರಿನ ಹೊಂದಾಣಿಕೆಯಿಂದ 3, ಉಳಿದ ದೋಷ 6 ಎಂದಿಟ್ಟುಕೊಳ್ಳಿ. ಒಂದೇ ಊರು, ಒಂದೇ ಪುನರಾವರ್ತನೆಯಾದರೆ 4ನ್ನು 13ರಿಂದ ಭಾಗಿಸಬೇಕು: 0.31. ಮೂರು ಊರು, ಎರಡೆರಡು ಪುನರಾವರ್ತನೆಯಾದರೆ 3 ಮೂರರಿಂದಲೂ, 6 ಆರರಿಂದಲೂ ಭಾಗವಾಗಿ 1 ಮತ್ತು 1 ಉಳಿಯುತ್ತದೆ. 4ನ್ನು 6ರಿಂದ ಭಾಗಿಸಿದರೆ 0.67. ಅದೇ ಬೀಜ, ಅದೇ ಮಕ್ಕಳು. ಗದಗ ಉತ್ತರದ ಒಣ ವಲಯದಲ್ಲಿದೆ, ಧಾರವಾಡವೂ ಹಾವೇರಿಯ ಬಹುಭಾಗವೂ ಸಂಕ್ರಮಣ ವಲಯದಲ್ಲಿವೆ. ಹಾಗಾಗಿ ಊರಿನ ಪರಿಣಾಮ ಚೆನ್ನಾಗಿಯೇ ಕಾಣುತ್ತದೆ. ಹಾವೇರಿಯವರೂ ಎರಿ ಮಣ್ಣಿನ ತಾಕನ್ನೇ ಆರಿಸಬೇಕು. ಕೆಂಪು ಮಣ್ಣಾದರೆ ಮಳೆ, ಮಣ್ಣು ಎರಡೂ ಒಟ್ಟಿಗೆ ಬದಲಾಗಿ ಯಾವುದರ ಪರಿಣಾಮ ಎಂದು ಹೇಳಲಾಗದು. ಆರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದೆಲ್ಲ ಆಗುತ್ತದೆ. ಮಾರ್ಕರ್ ಮಾಹಿತಿ ಬಂದ ಮೇಲೆ ಅದರಲ್ಲೇ ಆರ್/ಕ್ಯೂಟಿಎಲ್ ಎಂಬ ಪ್ಯಾಕೇಜ್ ಬಳಸಿ ಕ್ಯೂಟಿಎಲ್‌ಗಳು ಎಲ್ಲಿವೆಯೆಂಬ ನಕ್ಷೆ ಮಾಡಬಹುದು.

60 ಸಾಲಿನಿಂದ ಹೊಸ ಜೀನು ಕಂಡುಹಿಡಿದೆವು ಎಂದು ಮಾತ್ರ ಬರೆಯಬೇಡಿ. ಸಣ್ಣ ತಳಿಸಮೂಹದಲ್ಲಿ ಸಿಕ್ಕ ಕ್ಯೂಟಿಎಲ್‌ನ ಪ್ರಭಾವ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂದು ತಳಿವಿಜ್ಞಾನಿ ವಿಲಿಯಂ ಬೀವಿಸ್ 1990ರ ದಶಕದಲ್ಲೇ ತೋರಿಸಿದ್ದಾರೆ. 60ರಲ್ಲಿ ನಿಮ್ಮ ಪದ್ಧತಿ ಕೆಲಸ ಮಾಡುತ್ತದೆ ಎಂದು ಸಾಬೀತಾಗುತ್ತದೆ, ಹಾಟ್‌ಸ್ಪಾಟ್ ಕಾಣುತ್ತದೆ, ಅಷ್ಟು ಸಾಕು. ಮೂರನೇ ವರ್ಷ 180 ಸಾಲಿಗೆ ಏರಿ. ಆಗ ಎಲ್ಲವನ್ನೂ ಎಲ್ಲರೂ ಬೆಳೆಯಬೇಕಿಲ್ಲ. ಒಂದು ಇಪ್ಪತ್ತು ಸಾಲು ಮೂರೂ ಕಡೆ ಇರಲಿ, ಉಳಿದ 160ನ್ನು ಮೂವರಲ್ಲಿ ಹಂಚಿ. ಆ ಇಪ್ಪತ್ತು ಮತ್ತು ತಾಳೆ ತಳಿಗಳು ಮೂರು ಊರನ್ನು ಲೆಕ್ಕದಲ್ಲಿ ಹೆಣೆಯುತ್ತವೆ.

ಡಿಎನ್‌ಎ ಕೆಲಸವನ್ನೂ ಮಕ್ಕಳು ಕೈಯಾರೆ ಮಾಡಲಿ ಎಂಬ ಆಸೆ ಇದ್ದೇ ಇರುತ್ತದೆ. ಎಳೆ ಎಲೆ ತೊಳೆದು ಒರೆಸಿ, ಎಲೆಯ ಹತ್ತು ಪಟ್ಟು ತೂಕದ ಸಿಲಿಕಾ ಜೆಲ್‌ನಲ್ಲಿ ಒಣಗಿಸಿಟ್ಟರೆ ಕರೆಂಟು ಹೋದರೂ ಫ್ರೀಜರಿನ ಚಿಂತೆಯಿಲ್ಲ. ಎಲೆಯಿಂದ ಡಿಎನ್‌ಎ ತೆಗೆಯುವ ಸಿಟಿಎಬಿ ಪದ್ಧತಿಗೆ 100 ಮಿ.ಗ್ರಾಂ ಹಸಿ ಎಲೆ, 700 ಮೈಕ್ರೊಲೀಟರ್ ಬಫರ್, 65 ಡಿಗ್ರಿಯ ನೀರಿನಲ್ಲಿ 45 ನಿಮಿಷ. ಒಣ ಎಲೆಯಾದರೆ 20 ಮಿ.ಗ್ರಾಂ ಸಾಕು. ಎಲೆ ಹೆಚ್ಚು ಹಾಕಿದರೆ ಡಿಎನ್‌ಎ ಹೆಚ್ಚು ಬರುತ್ತದೆಂಬುದು ಮಕ್ಕಳ ಲೆಕ್ಕ. ಬರುವುದು ಕಂದು ಬಣ್ಣದ ಅಂಟು, ಅದರಲ್ಲಿ ಪಿಸಿಆರ್ ನಡೆಯದು. ಮುಂದಿನ ಹಂತಕ್ಕೆ ಕ್ಲೋರೋಫಾರಂ ಬೇಕಾಗುವುದರಿಂದ ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಇಲ್ಲದ ಕೋಣೆಯಲ್ಲಿ ಇದನ್ನು ಮಾಡಿಸಬೇಡಿ. ಒಣ ಎಲೆ ಹಿಡಿದು ಆರೆಂಟು ಮಕ್ಕಳನ್ನು ಎರಡು ದಿನ ಧಾರವಾಡಕ್ಕೆ ಕಳಿಸುವುದು ಲೇಸು.

ಸೆಮಿಸ್ಟರಿಗೂ ಹಿಂಗಾರಿಗೂ ಹೊಂದುವುದಿಲ್ಲ. ಹೂ ಬಿಡುವಾಗ ಆಂತರಿಕ ಪರೀಕ್ಷೆ, ಕೊಯ್ಲಿನ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಬಂದು ಕೂರುತ್ತವೆ. ಕೊನೆಯ ವರ್ಷದವರನ್ನೇ ನಂಬಿದರೆ ಕೊಯ್ಲಿಗೆ ಯಾರೂ ಇರುವುದಿಲ್ಲ. ಪ್ರತಿ ಬ್ಲಾಕಿನ ಮೂವರ ಜೊತೆಗೆ ಎರಡನೇ ವರ್ಷದವರೊಬ್ಬರಿರಲಿ, ಮುಂದಿನ ವರ್ಷ ಅವರೇ ತಂಡ ನಡೆಸುತ್ತಾರೆ. ಪಾಳಿ ಪಟ್ಟಿಯನ್ನು ಪರೀಕ್ಷಾ ವೇಳಾಪಟ್ಟಿ ಬಂದ ದಿನವೇ ತಿದ್ದಿ.

ಹೆಸರಿನ ಪ್ರಶ್ನೆಯನ್ನು ಬಿತ್ತನೆಗೂ ಮೊದಲೇ ಎರಡು ಪುಟದ ಒಪ್ಪಂದದಲ್ಲಿ ಬರೆದು ಮೂರು ಕಾಲೇಜು ಮತ್ತು ಸಂಸ್ಥೆಯವರು ಸಹಿ ಹಾಕಿ. ನನ್ನ ಸಲಹೆ ಇಷ್ಟು: ಹೊಲಕ್ಕೆ ಹೋಗಿ ಅಳೆದವರೆಲ್ಲರ ಹೆಸರೂ ಕೃತಜ್ಞತೆಯಲ್ಲಿ, ಗುಂಪಾಗಿ ಅಲ್ಲ, ಒಬ್ಬೊಬ್ಬರದಾಗಿ ಬರಬೇಕು. ಲೇಖಕರ ಪಟ್ಟಿಗೆ ಸೇರಲು ಅಳೆದಿದ್ದರ ಜೊತೆಗೆ ಮಾಹಿತಿ ಶೋಧಿಸಿರಬೇಕು ಅಥವಾ ವಿಶ್ಲೇಷಣೆ ಮಾಡಿರಬೇಕು, ಕರಡು ಓದಿ ಒಪ್ಪಿರಬೇಕು. 40ರಲ್ಲಿ ಐದಾರು ಮಂದಿ ಅಲ್ಲಿಗೆ ತಲುಪುತ್ತಾರೆ, ಆ ದಾರಿ ಎಲ್ಲರಿಗೂ ತೆರೆದಿದೆಯೆಂದು ಮೊದಲ ದಿನವೇ ಹೇಳಿರಬೇಕು. ಪದವಿ ಮುಗಿಸಿ ಹೋದವರ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಇಟ್ಟುಕೊಳ್ಳಿ. ಪ್ರಬಂಧ ಬರುವುದು ಅವರು ಹೋದ ಎರಡು ಮೂರು ವರ್ಷಕ್ಕೆ, ಅಷ್ಟರಲ್ಲಿ ಕಾಲೇಜು ಕೊಟ್ಟ ಇಮೇಲ್ ಮುಚ್ಚಿರುತ್ತದೆ, ಒಬ್ಬ ಲೇಖಕರ ಒಪ್ಪಿಗೆ ಸಿಗದೆ ಪತ್ರಿಕೆಯವರು ತಡೆಹಿಡಿಯುತ್ತಾರೆ. ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಯಾರ ಹೆಸರನ್ನೂ ಸೇರಿಸುವುದಿಲ್ಲವೆಂಬ ಸಾಲನ್ನೂ ಆ ಎರಡು ಪುಟದಲ್ಲೇ ಬರೆದು, ಅವರ ಸಹಿಯನ್ನೂ ಅದರ ಕೆಳಗೇ ಪಡೆಯಿರಿ.